‘ಇಂಟರ್‌ನೀಸೈನ್’: ಒಂದು ವಿಶೇಷಣದ ಅರ್ಥವಿಚಾರ

ಇಂಗ್ಲಿಷ್ ಪತ್ರಿಕೆಗಳಲ್ಲಿಯೂ ಇತಿಹಾಸ ಗ್ರಂಥಗಳಲ್ಲಿಯೂ ‘ಇಂಟರ್‌ನೀಸೈನ್’ ಎಂಬ ವಿಶೇಷಣದ ಪ್ರಯೋಗ ಧಾರಾಳವಾಗಿದೆ. ಒಂದು ಪಕ್ಷದ ಮುಖಂಡರ ವೈಮನಸ್ಯ, ಒಂದು ದೇಶದ ಪ್ರಜೆಗಳ ನಡುವಣ ರಕ್ತಪಾತ, ನೆರೆಹೊರೆಯ ಅರಸುಮನೆತನಗಳ ಬಹುಕಾಲದ ಹೋರಾಟ ಇವೆಲ್ಲಕ್ಕೂ ಈ ಒಂದೇ ಮಾತನ್ನು ಹಚ್ಚುವುದನ್ನು ನಾವು ನೋಡುತ್ತೇವೆ. ನಮ್ಮ ವಿದ್ಯಾರ್ಥಿಗಳು ಇದನ್ನು ‘ಆಂತರಿಕ’ ಎಂಬುದಕ್ಕೆ ಇರುವ ಒಂದು ಗಂಭೀರವಾದ ಪರ್ಯಾಯಪದವೆಂದು ಬಗೆದು, ಕನ್ನಡಕ್ಕೆ ತರುವಾಗ ‘ಅಂತಃಕಲಹ’ ಎಂದು ಬರೆದು ಮುಂದೆ ಸಾಗುತ್ತಾರೆ. ಅಧ್ಯಾಪಕರೂ ಅದನ್ನು ಸರಿಯೆಂದೇ ಒಪ್ಪುತ್ತಾರೆ. ಈ ಒಪ್ಪಿಗೆ ಅಷ್ಟು ಸುಲಭವಾಗಿ ಸಲ್ಲತಕ್ಕದ್ದಲ್ಲವೆಂಬುದು ನಮ್ಮ ಅಭಿಪ್ರಾಯ.

ಸಾಮಾನ್ಯ ವಿಶೇಷಣಗಳು ಯುದ್ಧದ ಗುಣವನ್ನೋ ಪ್ರಮಾಣವನ್ನೋ ಹೇಳುತ್ತವೆ: ಘೋರ, ದೀರ್ಘ, ರಕ್ತಮಯ ಎಂಬಂತೆ. ಪ್ರಕೃತ ಪದ ಹಾಗಲ್ಲ. ಕಾದುವವರಿಬ್ಬರೂ ಒಂದೇ ಮನೆಯವರು, ಅವರ ಕಾದಾಟದಿಂದ ಅಳಿಯುತ್ತಿರುವುದು ಆ ಮನೆಯೇ ಎಂಬ ಎರಡು ಪ್ರತಿಜ್ಞೆಗಳು ಅದರಲ್ಲಿ ಅಡಗಿವೆ. ಪದವನ್ನು ಬಳಸುವವನು ವರ್ಣನೆಯನ್ನು ಮಾತ್ರ ಮಾಡುವುದಿಲ್ಲ, ತೀರ್ಪನ್ನೂ ಕೊಡುತ್ತಾನೆ. ತೀರ್ಪಿಗೆ ಆಧಾರವನ್ನು ಕೇಳುವ ಹಕ್ಕು ವಾಚಕನಿಗಿದೆ. ಇದನ್ನು ಸ್ಥಾಪಿಸುವುದಕ್ಕಾಗಿ ಪದದ ಚರಿತ್ರೆಯನ್ನೂ, ಅದರ ಸಮಾನಾರ್ಥಕಗಳೆನಿಸಿಕೊಂಡವುಗಳ ವ್ಯತ್ಯಾಸವನ್ನೂ, ಕನ್ನಡದಲ್ಲಿ ಅದಕ್ಕೆ ಸಲ್ಲುವ ಮಾತನ್ನೂ ಕ್ರಮವಾಗಿ ಪರಿಶೀಲಿಸೋಣ.

೧

ಪದದ ಮೂಲ ಲ್ಯಾಟಿನ್. ಆ ಭಾಷೆಯಲ್ಲಿ ‘ನೆಕ್ಸ್’ ಎಂದರೆ ಹಿಂಸೆಯಿಂದಾದ ಮರಣ, ‘ನೆಕಾರೆ’ ಎಂದರೆ ಕೊಲ್ಲುವುದು. ಇದಕ್ಕೆ ‘ಇಂಟರ್’ ಎಂಬ ಉಪಸರ್ಗ ಸೇರಿದಾಗ ‘ಒಬ್ಬರೂ ಉಳಿಯದಂತೆ ಕೊಲ್ಲುವುದು, ನಿರ್ಮೂಲ ಮಾಡುವುದು’ ಎಂಬ ಅರ್ಥ ಬರುತ್ತದೆ. ಇಲ್ಲಿ ಉಪಸರ್ಗಕ್ಕೆ ‘ಪರಸ್ಪರ’ ಎಂಬ ಅರ್ಥವಿಲ್ಲ; ಅದು ಕ್ರಿಯೆಯ ಪೂರ್ಣತೆಯನ್ನು ಸೂಚಿಸುತ್ತದೆ. ‘ಹೋಗು’ ಎಂಬ ಅರ್ಥದ ಧಾತುವಿಗೆ ಇದೇ ಉಪಸರ್ಗ ಸೇರಿ ‘ಅಳಿದುಹೋಗು’ ಎಂದಾಗುವುದನ್ನು ಹೋಲಿಸಿ ನೋಡಬಹುದು.

ಸಂಸ್ಕೃತವನ್ನು ಬಲ್ಲ ವಾಚಕರಿಗೆ ಇದು ಅಪರಿಚಿತವಾಗಿ ತೋರಲಾರದು. ‘ಇಂಟರ್’ ಎಂಬುದು ‘ಅಂತರ್’ ಎಂಬುದರ ಜ್ಞಾತಿ. ‘ನೆಕ್ಸ್’ ಎಂಬುದು ‘ನಶ್’ ಧಾತುವಿನ ಜ್ಞಾತಿ. ಅಂದರೆ ಈ ಇಂಗ್ಲಿಷ್ ಪದದ ಎರಡು ಭಾಗಗಳಿಗೂ ನಮ್ಮ ಬಳಿ ಹುಟ್ಟಿನಿಂದಲೇ ಜೋಡಿಯಾದ ‘ಅಂತರ್’ ಮತ್ತು ‘ನಾಶ’ ಎಂಬ ಮಾತುಗಳಿವೆ. ‘ಅಂತರ್ಧಾನ’ ಎನ್ನುವಾಗ ನಾವು ಕಣ್ಣಿಗೆ ಕಾಣದಂತೆ ಮರೆಯಾಗುವುದನ್ನು ಹೇಳುತ್ತೇವಲ್ಲದೆ, ಯಾವುದೋ ಎರಡರ ನಡುವೆ ನಿಲ್ಲುವುದನ್ನಲ್ಲ.

ಲ್ಯಾಟಿನ್ ಪ್ರಯೋಗಕ್ಕೆ ಒಂದು ನಿದರ್ಶನ ಸಾಕು. ಕ್ರಿ.ಪೂ. ೩೧೪ರಲ್ಲಿ ರೋಮನರು ಔಸೊನ ಎಂಬ ಜನಾಂಗವನ್ನು ಸಂಹರಿಸಿದ ವೃತ್ತಾಂತವನ್ನು ಇತಿಹಾಸಕಾರ ಲಿವಿ ತನ್ನ ಗ್ರಂಥದ ಒಂಬತ್ತನೆಯ ಪುಸ್ತಕದಲ್ಲಿ ಹೇಳುತ್ತಾನೆ. ಅವರ ಮೇಲಿನ ದ್ರೋಹದ ಆರೋಪ ಸರಿಯಾಗಿ ಸಿದ್ಧವಾಗಿರಲಿಲ್ಲ. ಆದರೂ ಕೊಲೆಗೆ ಮಿತಿಯೇ ಇಲ್ಲದೆ, ನಿರ್ಮೂಲನ ಯುದ್ಧದಲ್ಲಿ ಸೋತವರಂತೆ ಆ ಜನಾಂಗ ಇಲ್ಲವಾಯಿತು ಎಂಬುದು ಅವನ ಮಾತಿನ ತಾತ್ಪರ್ಯ. ಅಲ್ಲಿ ಅವನು ಬಳಸಿರುವುದು ನಮ್ಮ ಪದದ ಮೂಲರೂಪವನ್ನೇ. ಔಸೊನರು ಅಳಿದರು, ರೋಮ್ ಬೆಳೆಯಿತು. ನಾಶ ಏಕಪಕ್ಷೀಯ.

ಒಳಗಿನ ಯುದ್ಧಕ್ಕೆ ರೋಮನರು ಬೇರೆ ಮಾತುಗಳನ್ನು ಇಟ್ಟುಕೊಂಡಿದ್ದರು. ‘ನಾಗರಿಕ’ ಎಂಬ ಅರ್ಥದ ಪದದಿಂದ ‘ಸಿವಿಲ್’ ಎಂಬುದೂ, ‘ಒಳಗೆ’ ಎಂಬ ಅರ್ಥದ ಪದದಿಂದ ‘ಇಂಟೆಸ್ಟೈನ್’ ಎಂಬುದೂ, ‘ಮನೆ’ ಎಂಬ ಅರ್ಥದ ಪದದಿಂದ ‘ಡೊಮೆಸ್ಟಿಕ್’ ಎಂಬುದೂ ಇಂಗ್ಲಿಷಿಗೆ ಬಂದಿವೆ. ಸೀಸರನಿಗೂ ಪಾಂಪೆಗೂ ನಡೆದ ಯುದ್ಧವನ್ನು ಕುರಿತು ಕಾವ್ಯ ಬರೆದ ಲೂಕನ್, ಅದು ‘ಸಿವಿಲ್’ ಎಂಬ ಹೆಸರನ್ನೂ ಮೀರಿದ್ದೆಂದು ಆರಂಭದಲ್ಲಿಯೇ ಸಾರುತ್ತಾನೆ. ಪಾಂಪೆ ಸೀಸರನ ಮಗಳನ್ನು ಮದುವೆಯಾಗಿದ್ದವನು. ಮಾವ ಅಳಿಯಂದಿರ ಯುದ್ಧಕ್ಕೆ ನಾಗರಿಕರ ಯುದ್ಧವೆಂಬ ಮಾತು ಸಾಲದೆಂದು ಕವಿಯ ಭಾವ. ಹೀಗೆ ‘ಯಾರ ನಡುವೆ?’ ಎಂಬ ಪ್ರಶ್ನೆಗೆ ಉತ್ತರ ಹೇಳುವ ಪದಗಳು ಒಂದು ಸಾಲಿನಲ್ಲಿದ್ದುವು, ‘ಎಲ್ಲಿಯವರೆಗೆ?’ ಎಂಬುದಕ್ಕೆ ಉತ್ತರ ಹೇಳುವ ನಮ್ಮ ಪದ ಇನ್ನೊಂದು ಸಾಲಿನಲ್ಲಿತ್ತು.

೨

ಇಂಗ್ಲಿಷಿಗೆ ಈ ಪದವನ್ನು ತಂದ ಕೀರ್ತಿ ಸಾಮ್ಯುಯೆಲ್ ಬಟ್ಲರನದು. ೧೬೬೩ರ ದಿನಾಂಕವುಳ್ಳ ‘ಹ್ಯೂಡಿಬ್ರಾಸ್’ ಎಂಬ ವಿಡಂಬನಕಾವ್ಯದ ಮೊದಲ ಭಾಗದಲ್ಲಿ, ನಾಯಿಗಳನ್ನು ಪೂಜಿಸಿ ಆ ಮತಕ್ಕಾಗಿ ಯುದ್ಧ ಮಾಡಿದ ಈಜಿಪ್ಟಿನವರನ್ನು ಹೇಳುವಾಗ ಅವನು ಅದನ್ನು ಬಳಸಿದ. ಅವನ ಮನಸ್ಸಿನಲ್ಲಿದ್ದುದು ಲ್ಯಾಟಿನ್ನಿನ ನಿರ್ಮೂಲನ ಯುದ್ಧವೇ ಇರಬೇಕು. ಆದರೆ ಕಾವ್ಯದ ಸಂದರ್ಭವನ್ನು ಗಮನಿಸಬೇಕು. ಅದು ೧೬೪೨ರಿಂದ ೧೬೫೧ರವರೆಗೆ ಇಂಗ್ಲೆಂಡನ್ನು ಸೀಳಿದ ಅಂತರ್ಯುದ್ಧದ ಹಿನ್ನೆಲೆಯಲ್ಲಿ ಮತಾಭಿಮಾನಿಗಳನ್ನು ಗೇಲಿ ಮಾಡಲು ಹೊರಟ ಕಾವ್ಯ. ಒಂದೇ ನೆಲದವರು ದೇವರ ಹೆಸರಿನಲ್ಲಿ ಒಬ್ಬರನ್ನೊಬ್ಬರು ಕೊಂದುದನ್ನು ಕಂಡಿದ್ದ ವಾಚಕರಿಗೆ, ಆ ವಿಶೇಷಣದಲ್ಲಿ ‘ಪರಸ್ಪರ’ ಎಂಬ ಧ್ವನಿ ಕೇಳಿಸಿದ್ದರೆ ಆಶ್ಚರ್ಯವೇನೂ ಇಲ್ಲ.

೧೭೫೫ರಲ್ಲಿ ಪ್ರಕಟವಾದ ಡಾಕ್ಟರ್ ಜಾನ್ಸನನ ನಿಘಂಟು ಈ ಧ್ವನಿಯನ್ನೇ ಅರ್ಥವಾಗಿ ಸ್ಥಿರಪಡಿಸಿತು. ‘ಇಂಟರ್’ ಎಂದರೆ ‘ಪರಸ್ಪರ’ ಎಂದು ತಿಳಿದ ಜಾನ್ಸನ್, ಪರಸ್ಪರ ನಾಶಕ್ಕೆ ಪ್ರಯತ್ನಿಸುವುದು ಎಂದು ವಿವರಣೆ ಕೊಟ್ಟ. ಲ್ಯಾಟಿನ್ನಿನ ದೃಷ್ಟಿಯಿಂದ ಇದು ತಪ್ಪು. ಆದರೆ ಆ ನಿಘಂಟಿಗಿದ್ದ ಪ್ರತಿಷ್ಠೆಯಿಂದ ತಪ್ಪೇ ಪ್ರಮಾಣವಾಯಿತು.

ಜಾನ್ಸನನನ್ನು ಹಾಸ್ಯ ಮಾಡುವ ಮೊದಲು ನಾವು ನಮ್ಮ ಮಾತನ್ನೇ ಸ್ವಲ್ಪ ನೋಡಿಕೊಳ್ಳುವುದು ಒಳ್ಳೆಯದು. ‘ಅಂತರ್ಜಲ’, ‘ಅಂತರ್ಗತ’, ‘ಅಂತರ್ಯುದ್ಧ’ ಎನ್ನುವಾಗ ಉಪಸರ್ಗಕ್ಕೆ ‘ಒಳಗಿನ’ ಎಂಬ ಅರ್ಥ. ‘ಅಂತರ್ಜಾತೀಯ ವಿವಾಹ’ ಎನ್ನುವಾಗ ಅದೇ ಉಪಸರ್ಗಕ್ಕೆ ‘ಬೇರೆ ಬೇರೆ ಜಾತಿಗಳ ನಡುವಣ’ ಎಂಬ ಅರ್ಥ. ‘ಅಂತರರಾಷ್ಟ್ರೀಯ’, ‘ಅಂತಾರಾಷ್ಟ್ರೀಯ’ ಎಂಬ ರೂಪಗಳನ್ನು ಕುರಿತ ವಾದ ಕನ್ನಡದಲ್ಲಿ ಇನ್ನೂ ಮುಗಿದಿಲ್ಲ. ‘ಒಳಗೆ’ ಎಂಬುದಕ್ಕೂ ‘ನಡುವೆ’ ಎಂಬುದಕ್ಕೂ ಇರುವ ಗೆರೆ ಈ ಉಪಸರ್ಗದಲ್ಲಿ ಎಂದೂ ದೃಢವಾಗಿರಲಿಲ್ಲ. ಯುದ್ಧ ಇಬ್ಬರ ‘ನಡುವೆ’ ನಡೆಯುತ್ತದೆ; ಆ ಇಬ್ಬರೂ ಒಂದರ ‘ಒಳಗೆ’ ಇದ್ದರೆ, ಎರಡು ಅರ್ಥಗಳೂ ಒಂದೇ ಘಟನೆಯಲ್ಲಿ ಕೂಡಿಕೊಳ್ಳುತ್ತವೆ. ಜಾನ್ಸನನು ‘ನಡುವೆ’ ಎಂದ. ಅನಂತರದ ಬಳಕೆ ಅದಕ್ಕೆ ‘ಒಳಗೆ’ ಎಂಬುದನ್ನು ಸೇರಿಸಿತು. ಇಂದಿನ ಅರ್ಥ ಹೀಗೆ ಎರಡು ಹೆಜ್ಜೆಗಳಲ್ಲಿ ಸಿದ್ಧವಾಯಿತು.

ಈ ಅರ್ಥವನ್ನು ನಾವು ಸ್ವೀಕರಿಸಬೇಕೆ? ೧೯೨೬ರಲ್ಲಿ ಇಂಗ್ಲಿಷ್ ಪ್ರಯೋಗವನ್ನು ಕುರಿತ ತನ್ನ ಕೋಶವನ್ನು ಪ್ರಕಟಿಸಿದ ಫೌಲರ್ ಇದಕ್ಕೆ ಕೊಟ್ಟ ಉತ್ತರ ವಿವೇಕಯುತವಾದುದು. ಕೇವಲ ‘ಸಂಹಾರಕ’ ಎಂಬ ಅರ್ಥಕ್ಕೆ ಇಂಗ್ಲಿಷಿನಲ್ಲಿ ಪದಗಳ ಕೊರತೆಯಿಲ್ಲ. ಹೊರಗಿನಿಂದ ಬಂದು ಸೇರಿದ ಪರಸ್ಪರತೆಯ ಅರ್ಥವೇ ಈ ಪದಕ್ಕೆ ಬೆಲೆ ತಂದಿದೆ. ಆದುದರಿಂದ ಅದನ್ನು ತಿದ್ದಹೊರಡುವುದು ವ್ಯರ್ಥ ಎಂಬುದು ಅವನ ನಿಲುವು. ನಾವು ಇದನ್ನು ಒಪ್ಪುತ್ತೇವೆ. ಆದರೆ ಇದೇ ವಾದವನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕೆನ್ನುತ್ತೇವೆ. ಪದದ ಬೆಲೆ ಅದು ತುಂಬುವ ತೆರವಿನಲ್ಲಿದೆ ಎಂಬುದು ನಿಜವಾದರೆ, ‘ನಾಶ’ ಎಂಬ ಅಂಶವನ್ನು ಕೈಬಿಟ್ಟು ಬರಿಯ ‘ಒಳಗಿನ’ ಎಂಬ ಅರ್ಥದಲ್ಲಿ ಅದನ್ನು ಬಳಸುವ ಇತ್ತೀಚಿನ ರೂಢಿ ನಿಂದ್ಯವಾಗುತ್ತದೆ. ಏಕೆಂದರೆ ‘ಒಳಗಿನ’ ಎನ್ನುವುದಕ್ಕೆ ‘ಇಂಟರ್ನಲ್’ ಎಂಬ ಸರಳವಾದ ಪದ ಇದ್ದೇ ಇದೆ. ಜಾನ್ಸನನ ತಪ್ಪು ಭಾಷೆಯ ಒಂದು ಕೊರತೆಯನ್ನು ತುಂಬಿತು. ಇಂದಿನ ಅಲಕ್ಷ್ಯ ಆ ಕೊರತೆಯನ್ನು ಮತ್ತೆ ತೆರೆಯುತ್ತಿದೆ. ಎರಡನ್ನೂ ‘ಭಾಷೆ ಬದಲಾಗುತ್ತದೆ’ ಎಂಬ ಒಂದೇ ಸೂತ್ರದಿಂದ ಸಮರ್ಥಿಸಲಾಗದು.

೩

ಈಗ ಸಮಾನಾರ್ಥಕಗಳೆನ್ನುವ ಪದಗಳನ್ನು ಒಂದೊಂದು ಘಟನೆಯ ಪಕ್ಕದಲ್ಲಿಟ್ಟು ನೋಡೋಣ.

‘ಸಿವಿಲ್’ ಎಂಬುದು ಕಾದುವವರ ರಾಜಕೀಯ ಸಂಬಂಧವನ್ನು ಮಾತ್ರ ಹೇಳುತ್ತದೆ: ಇಬ್ಬರೂ ಒಂದೇ ರಾಜ್ಯದ ನಾಗರಿಕರು. ಇಷ್ಟು ಹೇಳುವುದೂ ಒಂದು ತೀರ್ಪೇ ಎಂಬುದಕ್ಕೆ ಅಮೆರಿಕದ ೧೮೬೧-೬೫ರ ಯುದ್ಧ ಸಾಕ್ಷಿ. ಆರು ಲಕ್ಷಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡ ಆ ಯುದ್ಧದ ದಾಖಲೆಗಳನ್ನು ಕೇಂದ್ರ ಸರ್ಕಾರ ೧೮೮೦ರಿಂದ ೧೯೦೧ರವರೆಗೆ ಪ್ರಕಟಿಸಿದಾಗ ‘ದಂಗೆಯ ಯುದ್ಧ’ ಎಂಬ ಹೆಸರನ್ನಿಟ್ಟಿತು. ದಕ್ಷಿಣದ ಒಕ್ಕೂಟದ ಉಪಾಧ್ಯಕ್ಷನಾಗಿದ್ದ ಅಲೆಗ್ಸಾಂಡರ್ ಸ್ಟೀಫನ್ಸ್ ತನ್ನ ಗ್ರಂಥದಲ್ಲಿ ಅದನ್ನು ‘ರಾಜ್ಯಗಳ ನಡುವಣ ಯುದ್ಧ’ ಎಂದು ಕರೆದ. ಒಬ್ಬರಿಗೆ ಅದು ಒಂದೇ ಮನೆಯೊಳಗಿನ ದಂಗೆ. ಇನ್ನೊಬ್ಬರಿಗೆ ಬೇರೆ ಬೇರೆ ಮನೆಗಳ ನಡುವಣ ಯುದ್ಧ. ಯುದ್ಧಕ್ಕೆ ಕಾರಣವಾದ ಪ್ರಶ್ನೆಯೇ ಯುದ್ಧದ ಹೆಸರಿನಲ್ಲಿಯೂ ಉಳಿದುಕೊಂಡಿತು.

‘ಫ್ರಾಟ್ರಿಸೈಡಲ್’, ಅಂದರೆ ಭ್ರಾತೃಘಾತಕ, ರಾಜಕೀಯಕ್ಕಿಂತ ನಿಕಟವಾದ ಬಂಧವನ್ನು ಬೇಡುತ್ತದೆ. ಐರ್ಲೆಂಡಿನಲ್ಲಿ ೧೯೨೧ರ ಒಪ್ಪಂದವನ್ನು ಕುರಿತು ಮತಭೇದ ಹುಟ್ಟಿ ೧೯೨೨-೨೩ರಲ್ಲಿ ನಡೆದ ಯುದ್ಧಕ್ಕೆ ಈ ಪದ ಸರಿಯಾಗಿ ಒಪ್ಪುತ್ತದೆ. ಮೈಕೇಲ್ ಕಾಲಿನ್ಸ್ ಮತ್ತು ಹ್ಯಾರಿ ಬೋಲಂಡ್ ಆಪ್ತಮಿತ್ರರು. ಬ್ರಿಟಿಷರ ವಿರುದ್ಧ ಒಟ್ಟಿಗೆ ನಿಂತವರು. ೧೯೨೨ರ ಆಗಸ್ಟಿನ ಮೊದಲಲ್ಲಿ ಬೋಲಂಡ್ ಕಾಲಿನ್ಸನ ಪಕ್ಷದ ಸೈನಿಕರ ಗುಂಡಿನಿಂದ ಸತ್ತ. ಅದೇ ತಿಂಗಳ ೨೨ರಂದು ಕಾಲಿನ್ಸ್ ಎದುರು ಪಕ್ಷದವರ ಗುಂಡಿಗೆ ಬಲಿಯಾದ. ಇಲ್ಲಿ ವಿಶೇಷಣದ ಭಾರವೆಲ್ಲ ಬಂಧದ ಮೇಲಿದೆ. ಆದರೆ ಆ ಯುದ್ಧದಿಂದ ಹೊಸ ರಾಜ್ಯ ಅಳಿಯಲಿಲ್ಲ; ಉಳಿದು ಬೆಳೆಯಿತು. ಆದಕಾರಣ ಅದು ಭ್ರಾತೃಘಾತಕ. ಪೂರ್ಣಾರ್ಥದಲ್ಲಿ ‘ಇಂಟರ್‌ನೀಸೈನ್’ ಅಲ್ಲ.

‘ಫ್ಯಾಕ್ಷನಲ್’ ಎಂಬುದು ಬಣಗಳ ಹೋರಾಟ. ೧೯೬೯ರಲ್ಲಿ ಕಾಂಗ್ರೆಸ್ ಪಕ್ಷ ಒಡೆದು ಎರಡಾದಾಗ, ಪಕ್ಷದ ಅಧ್ಯಕ್ಷರಾಗಿದ್ದ ನಿಜಲಿಂಗಪ್ಪನವರು ಒಂದು ಕಡೆಯೂ ಪ್ರಧಾನಮಂತ್ರಿ ಇಂದಿರಾ ಗಾಂಧಿಯವರು ಇನ್ನೊಂದು ಕಡೆಯೂ ನಿಂತರು. ಇಂಥ ಪಕ್ಷಭೇದಗಳಿಗೆ ‘ಇಂಟರ್‌ನೀಸೈನ್’ ಎನ್ನುವುದು ಪತ್ರಿಕೆಗಳ ರೂಢಿ. ಆದರೆ ೧೯೭೧ರ ಲೋಕಸಭಾ ಚುನಾವಣೆಯಲ್ಲಿ ಒಂದು ಬಣಕ್ಕೆ ೩೫೨ ಸ್ಥಾನಗಳೂ ಇನ್ನೊಂದಕ್ಕೆ ೧೬ ಸ್ಥಾನಗಳೂ ದೊರೆತುವು. ಒಂದು ಬಣ ಕುಂದಿತು, ಮತ್ತೊಂದು ಮನೆಗೆ ಒಡೆಯನಾಯಿತು. ಇಲ್ಲಿ ಪರಸ್ಪರ ನಾಶವೆಲ್ಲಿ? ಇಂಥದಕ್ಕೆ ‘ಬಣಗಳ ಕಲಹ’ ಎಂಬ ಮಾತೇ ಸಾಕು. ಅದೇ ಹೆಚ್ಚು ನಿಖರ.

ಇನ್ನು ನಮ್ಮ ಪದ ಒಪ್ಪುವ ಘಟನೆಗೆ ಬೀದರಿನ ಬಹಮನಿ ರಾಜ್ಯವನ್ನು ನೋಡಬಹುದು. ದಖ್ಖನಿಗಳು, ಹೊರಗಿನಿಂದ ಬಂದ ಆಫಾಕಿಗಳು ಎಂಬ ಎರಡು ಬಣಗಳು ಒಂದೇ ಆಸ್ಥಾನದಲ್ಲಿ ಅನ್ನ ಉಣ್ಣುತ್ತಿದ್ದುವು. ಪ್ರಧಾನಿ ಮಹಮೂದ್ ಗಾವಾನನನ್ನು ಸಹಿಸದ ದಖ್ಖನಿ ಮುಖಂಡರು ಒಂದು ಕೃತಕ ಪತ್ರವನ್ನು ಸೃಷ್ಟಿಸಿ, ೧೪೮೧ರಲ್ಲಿ ಸುಲ್ತಾನನಿಂದಲೇ ಅವನ ಶಿರಚ್ಛೇದ ಮಾಡಿಸಿದರು. ಮರುವರ್ಷ ಸುಲ್ತಾನನೂ ತೀರಿಕೊಂಡ. ಅಲ್ಲಿಂದ ಮುಂದೆ ರಾಜ್ಯವನ್ನು ಹಿಡಿದಿಡುವವರಿಲ್ಲದೆ ಅದು ಬಿಜಾಪುರ, ಅಹಮದ್‌ನಗರ, ಬೀರಾರ್, ಗೋಲ್ಕೊಂಡ, ಬೀದರ್ ಎಂದು ಐದಾಗಿ ಒಡೆಯಿತು. ಆಫಾಕಿಯಾದ ಯೂಸುಫ್ ಆದಿಲ್ ಖಾನ್ ಬಿಜಾಪುರದಲ್ಲಿಯೂ, ದಖ್ಖನಿ ಮುಖಂಡನ ಮಗನಾದ ಮಲಿಕ್ ಅಹಮದ್ ಅಹಮದ್‌ನಗರದಲ್ಲಿಯೂ ರಾಜ್ಯ ಕಟ್ಟಿಕೊಂಡರಲ್ಲ, ನಾಶವೆಲ್ಲಿ ಎಂದು ಕೇಳಬಹುದು. ಅಳಿದುದು ಇಬ್ಬರಿಗೂ ಆಶ್ರಯವಾಗಿದ್ದ ಮನೆ. ‘ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು’ ಎಂಬ ನಮ್ಮ ಗಾದೆ ಈ ತತ್ತ್ವವನ್ನೇ ಹೇಳುತ್ತದೆ: ಕಾದುವವರು ಬದುಕಿಕೊಂಡಾರು, ಅವರಿಬ್ಬರದೂ ಆದದ್ದು ಕೆಡುತ್ತದೆ. ಇಂಗ್ಲಿಷರು ಹೇಳುವ ಕಿಲ್ಕೆನಿಯ ಎರಡು ಬೆಕ್ಕುಗಳು ಬಾಲಗಳು ಮಾತ್ರ ಉಳಿಯುವವರೆಗೆ ಒಂದನ್ನೊಂದು ತಿಂದ ಕತೆ ಪರಸ್ಪರ ನಾಶಕ್ಕೆ ಒಪ್ಪುತ್ತದೆ. ಆದರೆ ಅಲ್ಲಿ ಮನೆಯಿಲ್ಲ. ನಮ್ಮ ಗಾದೆಯಲ್ಲಿ ಮನೆಯಿದೆ.

ಅಪಪ್ರಯೋಗಕ್ಕೂ ಒಂದು ನಿದರ್ಶನವನ್ನು ಕೊಡಬೇಕು. ಪ್ರಾಚೀನ ಭಾರತದ ಅರಸರ ಯುದ್ಧಗಳನ್ನೆಲ್ಲ ಈ ಒಂದು ವಿಶೇಷಣದಿಂದ ಕರೆಯುವುದು ಇಂಗ್ಲಿಷ್ ಇತಿಹಾಸ ಲೇಖನದಲ್ಲಿ ಅಭ್ಯಾಸವಾಗಿ, ನಮ್ಮ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಿಗೂ ಇಳಿದಿದೆ. ಬಾದಾಮಿಯ ಚಾಳುಕ್ಯರಿಗೂ ಕಂಚಿಯ ಪಲ್ಲವರಿಗೂ ನಡೆದ ಯುದ್ಧಗಳನ್ನು ತೆಗೆದುಕೊಳ್ಳಿ. ೬೪೨ರ ಸುಮಾರಿಗೆ ಪಲ್ಲವ ನರಸಿಂಹವರ್ಮ ವಾತಾಪಿಯನ್ನು ಹಿಡಿದ. ಎಂಟನೆಯ ಶತಮಾನದಲ್ಲಿ ಚಾಳುಕ್ಯ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದು, ಅಲ್ಲಿಯ ರಾಜಸಿಂಹೇಶ್ವರ ದೇವಾಲಯದ ಐಶ್ವರ್ಯವನ್ನು ದೇವರಿಗೇ ಬಿಟ್ಟುಕೊಟ್ಟನೆಂದು ಅಲ್ಲಿರುವ ಕನ್ನಡ ಶಾಸನವೇ ಹೇಳುತ್ತದೆ. ಇವು ಎರಡು ಸ್ವತಂತ್ರ ರಾಜ್ಯಗಳ ಯುದ್ಧಗಳು. ಗೆದ್ದ ಊರನ್ನು ಕೆಡಿಸದೆ ದೇವರ ಸೊತ್ತನ್ನು ಹಿಂದಿರುಗಿಸಿದವನ ಯುದ್ಧ ಲಿವಿಯ ಅರ್ಥದಲ್ಲಿ ನಿರ್ಮೂಲನವೂ ಅಲ್ಲ. ಇಂದಿನ ಅರ್ಥದಲ್ಲಿ ಮನೆಯೊಳಗಿನದೂ ಅಲ್ಲ. ಹಾಗೆ ಕರೆಯುವ ಲೇಖಕನು ಭಾರತವೋ ದಕ್ಷಿಣಾಪಥವೋ ಆಗ ಒಂದೇ ಮನೆಯಾಗಿತ್ತೆಂದು ಒಪ್ಪಿಕೊಂಡಂತಾಯಿತು. ಅದು ಅವನ ಅಭಿಪ್ರಾಯವಾದರೆ ಬಹಿರಂಗವಾಗಿ ವಾದಿಸಲಿ; ವಿಶೇಷಣದಲ್ಲಿ ಬಚ್ಚಿಟ್ಟು ಸಾಗಿಸುವುದು ನ್ಯಾಯವಲ್ಲ.

೪

ಉಳಿದಿರುವುದು ಕನ್ನಡದ ಪ್ರಶ್ನೆ. ‘ಅಂತಃಕಲಹ’ ಎಂಬುದರಲ್ಲಿ ಒಳಗಿನದೆಂಬ ಅಂಶವಿದೆ, ನಾಶವಿಲ್ಲ. ‘ಒಳಜಗಳ’ ಸಹಜವಾದ ಮಾತು. ಆದರೆ ಅದು ರಾಜಿಯಾಗಬಲ್ಲ ಜಗಳ. ‘ಪರಸ್ಪರ ವಿನಾಶಕ’ ಎಂಬುದರಲ್ಲಿ ನಾಶವಿದೆ, ಮನೆಯಿಲ್ಲ. ಎರಡು ಪರದೇಶಗಳ ಯುದ್ಧಕ್ಕೂ ಅದು ಸಲ್ಲುತ್ತದೆ. ‘ಕೊಡಲಿಯ ಕಾವು ಕುಲಕ್ಕೆ ಸಾವು’ ಎಂಬ ಗಾದೆಯಲ್ಲಿ ಕುಲವೂ ಇದೆ, ನಾಶವೂ ಇದೆ. ಆದರೆ ಅದು ಒಬ್ಬನ ದ್ರೋಹ, ಇಬ್ಬರ ಕಾದಾಟವಲ್ಲ.

ನಮ್ಮ ಸಾಹಿತ್ಯ ಪರಂಪರೆ ಇಲ್ಲಿ ಇಂಗ್ಲಿಷಿಗಿಂತ ಸೂಕ್ಷ್ಮವಾದ ಒಂದು ವಿಭಾಗವನ್ನು ಮಾಡಿಕೊಂಡಿದೆ. ಕೌರವ ಪಾಂಡವರದು ದಾಯಾದಿ ಕಲಹ. ದಾಯಾದನೆಂದರೆ ದಾಯವನ್ನು, ಎಂದರೆ ಪಿತ್ರಾರ್ಜಿತದ ಪಾಲನ್ನು, ತೆಗೆದುಕೊಳ್ಳುವವನು. ಬಂಧವನ್ನೂ ವೈರದ ಕಾರಣವನ್ನೂ ಆ ಒಂದು ಪದವೇ ಹೇಳುತ್ತದೆ. ಅಲ್ಲಿ ಗೆದ್ದವರಿದ್ದಾರೆ, ಆ ಗೆಲವು ಸೋಲಿನಂತೆಯೇ ಇದೆಯೆಂದು ಧರ್ಮರಾಯನು ಕೊರಗಿದರೂ. ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ರಣರಂಗದಲ್ಲಿ ನಡೆಯುತ್ತ ತನ್ನವರ ಶವಗಳಿಗಾಗಿ ಅಳುವಂತೆಯೇ ಶತ್ರುಪುತ್ರನಾದ ಅಭಿಮನ್ಯುವಿನ ಪರಾಕ್ರಮವನ್ನೂ ಕೊಂಡಾಡುತ್ತಾನೆ. ಎದುರಾಳಿಯ ಮಗನೂ ತನ್ನ ಕುಲದ ಮಗನೇ ಎಂಬ ಅರಿವಿಲ್ಲದೆ ಆ ಸಂದರ್ಭಕ್ಕೆ ಅರ್ಥವಿಲ್ಲ. ಭ್ರಾತೃಘಾತಕವೆಂಬ ಪದದ ಸಂಪೂರ್ಣ ವ್ಯಾಖ್ಯಾನ ಅಲ್ಲಿದೆ.

ಯಾದವರ ಕತೆ ಬೇರೆ. ಮಹಾಭಾರತದ ಹದಿನಾರನೆಯದಾದ ಮೌಸಲಪರ್ವದಲ್ಲಿ, ಪ್ರಭಾಸದಲ್ಲಿ ನೆರೆದ ಯಾದವರು ಕುಡಿದು ಮಾತಿಗೆ ಮಾತು ಬೆಳೆಸುತ್ತಾರೆ. ಸಾತ್ಯಕಿಯೂ ಕೃತವರ್ಮನೂ ಕುರುಕ್ಷೇತ್ರದ ಹಳೆಯ ಅಪರಾಧಗಳನ್ನೆತ್ತಿ ಒಬ್ಬರನ್ನೊಬ್ಬರು ಹಳಿಯುತ್ತಾರೆ. ದಡದ ಜೊಂಡುಹುಲ್ಲೇ ಒನಕೆಯಾಗಿ, ತಂದೆ ಮಗನೆನ್ನದೆ ಹೊಡೆದು ಕುಲವೇ ಅಳಿಯುತ್ತದೆ. ಅಲ್ಲಿ ಪಕ್ಷಗಳೇ ಕಲಸಿಹೋಗಿವೆ, ಗೆದ್ದವರಾರೂ ಇಲ್ಲ. ಬಂಧ, ಪರಸ್ಪರತೆ, ನಿರ್ಮೂಲನ ಈ ಮೂರೂ ಒಟ್ಟಿಗೆ ಇರುವ ‘ಯಾದವೀ ಕಲಹ’ ಎಂಬ ಮಾತು ನಮ್ಮಲ್ಲಿ ರೂಢಿಯಲ್ಲಿದೆ. ಲ್ಯಾಟಿನ್ನಿನ ಅರ್ಥವನ್ನೂ ಜಾನ್ಸನನ ಅರ್ಥವನ್ನೂ ಇಂದಿನ ಅರ್ಥವನ್ನೂ ಅದು ಒಂದೇ ಸಲ ಹೊರಬಲ್ಲದು. ಬಹಮನಿ ರಾಜ್ಯದಂಥ ಸಂದರ್ಭಗಳಲ್ಲಿ ನಾವು ಅದನ್ನು ನಿಸ್ಸಂಕೋಚವಾಗಿ ಬಳಸಬಹುದು.

ಆದರೆ ಪುರಾಣದ ವಾಸನೆ ಒಪ್ಪದ ಕಡೆಗಳೂ ಉಂಟು. ವಿದೇಶದ ಚರಿತ್ರೆಯನ್ನು ಅನುವಾದಿಸುವಾಗ ದ್ವಾರಕೆಯನ್ನು ಅಲ್ಲಿಗೆ ಒಯ್ಯುವುದು ಉಚಿತವಾಗದಿದ್ದರೆ, ವಿಶೇಷಣಕ್ಕೆ ವಿಶೇಷಣವನ್ನೇ ಹುಡುಕುವ ಹಟವನ್ನು ಬಿಟ್ಟು ‘ತಮ್ಮತಮ್ಮಲ್ಲೇ ಕಾದಿ ಅಳಿದರು’ ಎಂದು ಕ್ರಿಯಾಪದದಿಂದ ಹೇಳುವುದು ಮೇಲು. ಕನ್ನಡದ ಬಲ ಕ್ರಿಯಾಪದದಲ್ಲಿದೆ. ಹಾಗೆ ಹೇಳುವಾಗ ಅಳಿದರೋ ಇಲ್ಲವೋ ಎಂಬುದನ್ನು ಬರೆಯುವವನು ತಾನಾಗಿಯೇ ಪರೀಕ್ಷಿಸಿಕೊಳ್ಳಬೇಕಾಗುತ್ತದೆ. ವಿಶೇಷಣದ ಮರೆಯಲ್ಲಿ ಅದನ್ನು ತಪ್ಪಿಸಿಕೊಳ್ಳಲಾಗದು.

ವಿದ್ಯಾರ್ಥಿಗಳ ಉಪಯೋಗಕ್ಕಾಗಿ ನಮ್ಮ ವಿಚಾರವನ್ನು ಎರಡು ಪ್ರಶ್ನೆಗಳಿಗೆ ಇಳಿಸಬಹುದು. ಈ ಪದವನ್ನು ಬರೆಯುವ ಮೊದಲು, ‘ಕಾದುವವರಿಬ್ಬರೂ ಸೇರಿದ ಮನೆ ಯಾವುದು?’ ಎಂದು ಕೇಳಿಕೊಳ್ಳಬೇಕು. ಅನಂತರ, ‘ಆ ಮನೆಗೆ ಆದ ಕೇಡೇನು?’ ಎಂದು ಕೇಳಿಕೊಳ್ಳಬೇಕು. ಮೊದಲನೆಯದಕ್ಕೆ ಮಾತ್ರ ಉತ್ತರವಿದ್ದರೆ ‘ಸಿವಿಲ್’, ‘ಫ್ಯಾಕ್ಷನಲ್’, ‘ಫ್ರಾಟ್ರಿಸೈಡಲ್’ ಎಂಬವುಗಳಲ್ಲಿ ಸಂಬಂಧದ ನಿಕಟತೆಗೆ ತಕ್ಕದ್ದನ್ನು ಆರಿಸಿಕೊಳ್ಳಬೇಕು. ಎರಡನೆಯದಕ್ಕೆ ಮಾತ್ರ ಉತ್ತರವಿದ್ದರೆ ಸಂಹಾರವನ್ನು ಹೇಳುವ ಸಾಮಾನ್ಯ ಪದಗಳು ಸಾಕು. ಎರಡಕ್ಕೂ ಉತ್ತರವಿದ್ದಲ್ಲಿ ಮಾತ್ರ ‘ಇಂಟರ್‌ನೀಸೈನ್’ ಎನ್ನಬಹುದು. ಒಂದು ತಪ್ಪಿನಿಂದ ಇಂಗ್ಲಿಷಿಗೆ ದೊರೆತ ಅಪೂರ್ವವಾದ ಪದವಿದು. ಅದನ್ನು ಎಲ್ಲ ಜಗಳಗಳಿಗೂ ಹಂಚಿದರೆ, ನಿಜವಾಗಿ ಒಂದು ಮನೆ ತನ್ನನ್ನು ತಾನೇ ಕೆಡಹಿಕೊಳ್ಳುವಾಗ ಅದನ್ನು ಹೇಳಲು ಮಾತು ಉಳಿಯುವುದಿಲ್ಲ.